ಹುಟ್ಟಿನ ಗುಣವೋ, ಹೊಟ್ಟೆಯ ಪಾಡೋ?



ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರಿಗೆ ಹೊಸಬನೊಬ್ಬ ಬಂದರೆ ಕಟ್ಟೆಯ ಮೇಲೆ ಕೂತವರು ಕೇಳುವ ಮೊದಲ ಪ್ರಶ್ನೆ, ‘ಯಾವೂರಪ್ಪಾ?’ ಎರಡನೆಯದು, ‘ಯಾರ ಪೈಕಿ?’ ಎರಡನೆಯದಕ್ಕೆ ಉತ್ತರ ಸಿಕ್ಕರೆ ಸಾಕು, ಆತ ನಂಬಿಕಸ್ಥನೋ ಅಲ್ಲವೋ ಎಂಬುದು ಅನೇಕರ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿರುತ್ತದೆ.

ಹುಟ್ಟೇ ನಡತೆಯನ್ನು ನಿರ್ಧರಿಸುತ್ತದೆ ಎಂಬ ಈ ನಂಬಿಕೆ ಒಂದು ಕಾಲಕ್ಕೆ ದೇಶದ ಕಾನೂನೇ ಆಗಿತ್ತು. ಬ್ರಿಟಿಷ್ ಸರ್ಕಾರ 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ಯನ್ನು ಮೊದಲು ಉತ್ತರ ಭಾರತದಲ್ಲಿ ಜಾರಿಗೆ ತಂದಿತು. ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿಯಾಗುವ ದೇಶದಲ್ಲಿ ಅಪರಾಧವೂ ಕುಲಕಸುಬೇ ಎಂಬುದು ಅದರ ಹಿಂದಿನ ವಾದ. 1911ರಲ್ಲಿ ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಜಗಳೂರಿನ ಉತ್ತರಕ್ಕಿರುವ ಕೂಡ್ಲಿಗಿ ಸೀಮೆ ಬಳ್ಳಾರಿ ಜಿಲ್ಲೆಯ ಭಾಗವಾಗಿ 1953ರವರೆಗೂ ಮದ್ರಾಸಿಗೆ ಸೇರಿತ್ತು.

ಆ ಪ್ರಾಂತ್ಯದಲ್ಲಿ ‘ಹುಟ್ಟು ಅಪರಾಧಿ’ ಎಂಬ ಪಟ್ಟ ಹೊತ್ತವರಲ್ಲಿ ಕೊರವರೂ ಇದ್ದರು. ಇವರ ಹಳೆಯ ಕಸುಬು ಏನು? ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿನ ಹಳ್ಳಿಗಳಿಗೆ ತಂದು ಮಾರುವುದು, ಅಲ್ಲಿಂದ ಧಾನ್ಯ ಒಯ್ಯುವುದು. 19ನೇ ಶತಮಾನದ ಉತ್ತರಾರ್ಧದಲ್ಲಿ ರೈಲು ಬಂತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ವ್ಯಾಪಾರ ಹೋಯಿತು, ಅಲೆದಾಟ ಉಳಿಯಿತು. ಉಪ್ಪಿನ ಮೂಟೆಯೊಡನೆ ಬಂದಾಗ ಊರಿಗೆ ಬೇಕಾದವನಾಗಿದ್ದ ಅದೇ ಮನುಷ್ಯ ಬರಿಗೈಯಲ್ಲಿ ಬಂದಾಗ ಕಳ್ಳನಂತೆ ಕಂಡ. ಅವನ ರಕ್ತ ಬದಲಾಗಿರಲಿಲ್ಲ, ಪರಿಸ್ಥಿತಿ ಬದಲಾಗಿತ್ತು.

ಮುಂದಿನದನ್ನು ಕಾನೂನು ಮಾಡಿತು. ಬೆರಳಚ್ಚು ಕೊಡಬೇಕು, ಗೊತ್ತುಮಾಡಿದ ಹೊತ್ತಿಗೆ ಹಾಜರಿ ಹಾಕಬೇಕು, ಪರವಾನಗಿಯಿಲ್ಲದೆ ಊರು ಬಿಡಬಾರದು. ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನು ಕಾವಲಿನಲ್ಲಿ ಇರಿಸಿದ್ದ ಬಡಾವಣೆಗೆ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ.

ಸುಳ್ಳು ನಂಬಿಕೆಯೂ ಜನ ಅದರಂತೆ ನಡೆದುಕೊಂಡರೆ ಕೊನೆಗೆ ನಿಜವಾಗಿಬಿಡಬಹುದು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ವಿವರಿಸಿದರು. ಕಳ್ಳನೆಂದು ಹೆಸರು ಬಿದ್ದವನಿಗೆ ಯಾರೂ ಕೆಲಸ ಕೊಡುವುದಿಲ್ಲ. ಹೊಟ್ಟೆಗಿಲ್ಲದೆ ಒಬ್ಬ ಕದ್ದರೆ, ‘ಹೇಳಲಿಲ್ಲವೇ?’ ಎನ್ನುತ್ತದೆ ಊರು. ಕದಿಯದೆ ಉಪವಾಸವಿದ್ದ ಉಳಿದವರು ಯಾರ ಲೆಕ್ಕಕ್ಕೂ ಬರುವುದಿಲ್ಲ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಪಟ್ಟಿಯಲ್ಲಿದ್ದವರು ‘ವಿಮುಕ್ತ’ರೆನಿಸಿದರು. ಆದರೆ ನೋಡುವ ಕಣ್ಣಿಗೆ ವಿಮುಕ್ತಿ ಸಿಗಲಿಲ್ಲ. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳಂತೆ ಕಾಣುವ ನಿಯಮಗಳು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಕಾಯ್ದೆ ಹೋಗಿ 72 ವರ್ಷ ಕಳೆದಿತ್ತು.

ತನ್ನ ಮನೆಯ ಹುಡುಗ ತಪ್ಪು ಮಾಡಿದರೆ, ‘ಪಾಪ, ಕಷ್ಟ ಇತ್ತು’ ಎನ್ನುವ ಬಾಯಿಯೇ ಬೇರೆಯವರ ಹುಡುಗ ಅದನ್ನೇ ಮಾಡಿದರೆ, ‘ಅವರ ಜಾತಿಯೇ ಅಂಥದ್ದು’ ಎನ್ನುತ್ತದೆ. ತನ್ನವರ ವಿಷಯದಲ್ಲಿ ಪರಿಸ್ಥಿತಿಯನ್ನು ಕಾಣಬಲ್ಲ ಮನುಷ್ಯ ಪರರ ವಿಷಯದಲ್ಲೂ ಅದನ್ನು ಕಾಣಬಲ್ಲ. ಕಟ್ಟೆಯ ಮೇಲೆ ಕೂತವರು ಹೊಸಬನನ್ನು ‘ಯಾರ ಪೈಕಿ?’ ಎನ್ನುವ ಬದಲು, ‘ಎಲ್ಲಿಗೆ ಹೊರಟೆ, ಉಂಡೆಯಾ?’ ಎಂದು ಕೇಳಿದರೆ ಅವನ ವಿಷಯ ಹೆಚ್ಚು ತಿಳಿದೀತು.