ಎರಡು ಬೆಲೆಯ ಯೂನಿಟ್ಟು



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದು ಮೆಟ್ರಿಕ್ ತನಕ. ಷೇರು ಪೇಟೆಯ ಪಂಡಿತನೇನೂ ಅಲ್ಲ. ಆದರೂ ಗೋರಂಟ್ಲದ ಬಸ್ ಸ್ಟಾಂಡಿನಲ್ಲಿ ಜನ ನನ್ನನ್ನು ನಿಲ್ಲಿಸಿ ಹಣದ ವಿಚಾರ ಕೇಳುವುದುಂಟು. ಮೊನ್ನೆ ಹಾಗೆ ನಿಲ್ಲಿಸಿದವರು ಒಬ್ಬ ರೇಷ್ಮೆ ಬೆಳೆಗಾರರು. ಹಿಂದೂಪುರದಲ್ಲಿ ಗೂಡು ಮಾರಿ ಬರುತ್ತಿದ್ದರು. "ಸಾರ್, ಮಗಳ ಮದುವೆಗೆ ಅಂತ ಎರಡು ಲಕ್ಷ ಕೂಡಿಸಿದೀನಿ. ಬೆಂಗಳೂರಿನಲ್ಲಿರೋ ನಮ್ಮ ಬಾಮೈದ ಇಟಿಎಫ್‌ಗೆ ಹಾಕು ಅಂತಾನೆ. ಅದೇನ್ ಸಾರ್, ಎಫ್‌ಡಿ ತರಾನಾ?" ಎಂದರು. ಅವರಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ.

ಎಕ್ಸ್‌ಚೇಂಜ್ ಟ್ರೇಡೆಡ್ ಫಂಡ್ ಎಂಬುದರ ಚಿಕ್ಕ ಹೆಸರೇ ಇಟಿಎಫ್. ನಿಫ್ಟಿ ಎಂಬ ಸೂಚ್ಯಂಕದಲ್ಲಿ ಐವತ್ತು ದೊಡ್ಡ ಕಂಪನಿಗಳಿವೆ. ಆ ಐವತ್ತರ ಷೇರುಗಳನ್ನೂ ಅದೇ ಪ್ರಮಾಣದಲ್ಲಿ ಕೊಂಡು ಒಂದು ಬುಟ್ಟಿಗೆ ಹಾಕಿ, ಆ ಬುಟ್ಟಿಯನ್ನು ಸಣ್ಣ ಸಣ್ಣ ಪಾಲು ಮಾಡಿ, ಆ ಪಾಲನ್ನು ಷೇರಿನ ಹಾಗೆಯೇ ಪೇಟೆಯಲ್ಲಿ ಮಾರುತ್ತಾರೆ. ನಮ್ಮ ದೇಶದಲ್ಲಿ ಇಂಥ ಮೊದಲನೆಯದು ಬಂದದ್ದು 2001ರ ಡಿಸೆಂಬರಿನಲ್ಲಿ, ನಿಫ್ಟಿ ಬೀಸ್ ಎಂಬ ಹೆಸರಿನಲ್ಲಿ. 2007ರಲ್ಲಿ ಚಿನ್ನದ್ದು ಬಂತು, 2022ರಲ್ಲಿ ಬೆಳ್ಳಿಯದು. 2015ರ ಆಗಸ್ಟಿನಿಂದ ಪಿ.ಎಫ್. ಸಂಸ್ಥೆಯೂ ತನ್ನ ಹಣದ ಒಂದು ಪಾಲನ್ನು ಇಟಿಎಫ್‌ನಲ್ಲಿ ತೊಡಗಿಸುತ್ತಿದೆ. ಅಂದರೆ ಪೆನುಕೊಂಡದ ಕಡೆ ಕಾರ್ಖಾನೆಗೆ ಹೋಗುವ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಹೆಸರು ಕೇಳದೆಯೇ ಇದರೊಳಗೆ ಇದ್ದಾರೆ. ಆದರೆ ಪಿ.ಎಫ್.ನಲ್ಲಿ ಬಡ್ಡಿಯನ್ನು ಸಂಸ್ಥೆ ಘೋಷಿಸುತ್ತದೆ. ನಾವೇ ಕೊಂಡರೆ ಏರಿದ್ದೂ ನಮ್ಮದು, ಇಳಿದದ್ದೂ ನಮ್ಮದು.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಒಂದಿದೆ. ಈ ಯೂನಿಟ್ಟಿಗೆ ಎರಡು ಬೆಲೆ. ಬುಟ್ಟಿಯೊಳಗಿನ ಸರಕಿನ ಬೆಲೆ ಒಂದು, ಪೇಟೆಯಲ್ಲಿ ಜನ ಕೊಡುವ ಬೆಲೆ ಇನ್ನೊಂದು. ಬೆಳೆಗಾರರಿಗೆ ಇದು ಥಟ್ಟನೆ ತಿಳಿಯಿತು. ಗೂಡಿನೊಳಗೆ ಎಷ್ಟು ನೂಲಿದೆ ಎಂದು ರೀಲರು ಲೆಕ್ಕ ಹಾಕಿಯೇ ಕೂಗುತ್ತಾನೆ. ಆದರೂ ರೀಲರುಗಳು ಕಡಿಮೆ ಬಂದ ದಿನ ಗೂಡು ಎಷ್ಟು ಚೆನ್ನಾಗಿದ್ದರೂ ಬೆಲೆ ಬೀಳುತ್ತದಲ್ಲ!

ನನಗೆ ಇದು ತಿಳಿದದ್ದು ಪೆಟ್ಟು ತಿಂದು. 1994ರಲ್ಲಿ ಒಂದು ಹೊಸ ಫಂಡಿಗೆ ಊರೆಲ್ಲ ಮುಗಿಬಿದ್ದಿತ್ತು. ಅರ್ಜಿ ನಮೂನೆಗಳೇ ಬ್ಲಾಕಿನಲ್ಲಿ ಮಾರಾಟವಾದ ಕಾಲ ಅದು. ನಾನೂ ಹಾಕಿದೆ. ಅದು ಅವಧಿ ಮುಗಿಯುವ ತನಕ ಹಣ ವಾಪಸು ಕೊಡದ ಫಂಡು. ಬೇಕಾದರೆ ಪೇಟೆಯಲ್ಲಿ ಮಾರಿಕೊಳ್ಳಬೇಕು. ಅಲ್ಲಿ ನೋಡಿದರೆ ಒಳಗಿನ ಷೇರುಗಳ ಬೆಲೆಗಿಂತ ಬಹಳ ಕಡಿಮೆಗೆ ಕೇಳುತ್ತಿದ್ದರು. ಹೊಲದಲ್ಲಿ ಬೋರ್‌ವೆಲ್ ಕೊರೆಸಲು ಹಣ ಬೇಕಾಗಿತ್ತು, ನಷ್ಟಕ್ಕೇ ಮಾರಿದೆ. ಬೋರಿನಲ್ಲಿ ನೀರೂ ಬರಲಿಲ್ಲ, ಆ ಮಾತು ಬೇರೆ.

ಇಟಿಎಫ್‌ನಲ್ಲಿ ಈ ತೊಂದರೆಗೆ ಒಂದು ಉಪಾಯ ಮಾಡಿದ್ದಾರೆ. ಪೇಟೆಯ ಬೆಲೆ ಒಳಬೆಲೆಗಿಂತ ಏರಿದರೆ, ದೊಡ್ಡ ವ್ಯಾಪಾರಿಗಳು ಸರಕನ್ನೋ ಅದರ ಹಣವನ್ನೋ ಫಂಡಿಗೆ ಕೊಟ್ಟು ಹೊಸ ಯೂನಿಟ್ಟು ಪಡೆದು ಮಾರುತ್ತಾರೆ, ಬೆಲೆ ಇಳಿಯುತ್ತದೆ. ಕಡಿಮೆಯಾದರೆ ಯೂನಿಟ್ಟು ಕೊಂಡು ಫಂಡಿಗೆ ಒಪ್ಪಿಸಿ ಸರಕು ಪಡೆಯುತ್ತಾರೆ, ಬೆಲೆ ಏರುತ್ತದೆ. ತಮ್ಮ ಲಾಭಕ್ಕೆ ಅವರು ಮಾಡುವ ಈ ಕೆಲಸದಿಂದ ಎರಡು ಬೆಲೆಗಳೂ ಸಾಮಾನ್ಯವಾಗಿ ಹತ್ತಿರ ಹತ್ತಿರವೇ ಇರುತ್ತವೆ. ಸಾಮಾನ್ಯವಾಗಿ ಎಂದೆ, ಯಾವಾಗಲೂ ಎನ್ನಲಿಲ್ಲ. 2025ರ ಅಕ್ಟೋಬರಿನಲ್ಲಿ ಬೆಳ್ಳಿಗೆ ಜನ ಮುಗಿಬಿದ್ದರು. ದೇಶದೊಳಗೆ ಗಟ್ಟಿ ಬೆಳ್ಳಿಯೇ ಸಾಲದಾಯಿತು. ಆಗ ಬೆಳ್ಳಿ ಇಟಿಎಫ್‌ಗಳು ಒಳಬೆಲೆಗಿಂತ ಮೇಲಕ್ಕೆ ಹೋದವು. ಆತುರದಲ್ಲಿ ಕೊಂಡವರು ಬೆಳ್ಳಿಯ ಬೆಲೆಯ ಜೊತೆಗೆ ಆತುರದ ಬೆಲೆಯನ್ನೂ ತೆತ್ತರು.

ಆದ್ದರಿಂದ ಕೊಳ್ಳುವ ಮುಂಚೆ ಫಂಡಿನವರ ವೆಬ್‌ಸೈಟಿನಲ್ಲಿ ಆ ಹೊತ್ತಿನ ಒಳಬೆಲೆ ನೋಡಿ. ಐ-ಎನ್‌ಎವಿ ಎಂದು ಬರೆದಿರುತ್ತದೆ. ದಿನಾಲೂ ಹೆಚ್ಚು ವ್ಯಾಪಾರ ನಡೆಯುವ ಇಟಿಎಫ್ ಆರಿಸಿ. "ಇಷ್ಟಕ್ಕಿಂತ ಹೆಚ್ಚು ಕೊಡೆ" ಎಂದು ಬೆಲೆ ಕಟ್ಟಿ ಆರ್ಡರ್ ಹಾಕಿ. ಇದಕ್ಕೆ ಲಿಮಿಟ್ ಆರ್ಡರ್ ಎನ್ನುತ್ತಾರೆ. ನಿಫ್ಟಿ ಇಟಿಎಫ್‌ಗಳಲ್ಲಿ ನೂರು ರೂಪಾಯಿಗೆ ವರ್ಷಕ್ಕೆ ಹತ್ತು ಪೈಸೆಗಿಂತ ಕಡಿಮೆ ವೆಚ್ಚದವೂ ಇವೆ. ಆದರೆ ಡಿಮ್ಯಾಟ್ ಖಾತೆಯ ಶುಲ್ಕ, ಬ್ರೋಕರಿನ ದಲ್ಲಾಳಿ ಬೇರೆ. ಸಣ್ಣ ಮೊತ್ತಕ್ಕೆ ಅದೇ ಭಾರವಾದೀತು, ಮೊದಲೇ ಕೇಳಿಕೊಳ್ಳಿ.

ಇನ್ನು ಎಫ್‌ಡಿ ಮಾತು. ಬ್ಯಾಂಕು ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದ ತನಕ ವಿಮೆ ಇದೆ. ಇಟಿಎಫ್‌ಗೆ ಅಂಥ ಆಸರೆ ಇಲ್ಲ. 2020ರ ಜನವರಿಯಲ್ಲಿ ಹನ್ನೆರಡು ಸಾವಿರದ ಮೇಲಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಿತ್ತು. ನವೆಂಬರಿನ ಹೊತ್ತಿಗೆ ಮತ್ತೆ ಹಳೆಯ ಮಟ್ಟ ದಾಟಿತು, ನಿಜ. ಕಾಯಬಲ್ಲವರಿಗೆ ಏನೂ ಆಗಲಿಲ್ಲ. ಆದರೆ ಆ ಮಾರ್ಚ್ 23ರಂದು ಹಣ ಬೇಕಾಗಿದ್ದವನ ಎರಡು ಲಕ್ಷ ಒಂದೂಕಾಲು ಲಕ್ಷದ ಆಸುಪಾಸಿಗೆ ಇಳಿದಿತ್ತು.

"ಮದುವೆ ಯಾವಾಗ?" ಎಂದು ಕೇಳಿದೆ. "ಬರೋ ಮಾಘಕ್ಕೆ ಸಾರ್." "ಹಾಗಾದ್ರೆ ಆ ಹಣ ಬ್ಯಾಂಕಿನಲ್ಲೇ ಇರಲಿ, ಬಾಮೈದನಿಗೆ ನಾನು ಹೇಳ್ತೀನಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹುಣಸೆಹಣ್ಣು ಮಾರಿದ್ದು ಹತ್ತು ಸಾವಿರ ಇದೆ. ಐದಾರು ವರ್ಷ ಅದರ ಗೋಜಿಗೆ ಹೋಗಲ್ಲ" ಎಂದರು. ಬರುವ ಸೋಮವಾರ ಅವರ ಮಗನ ಫೋನಿನಲ್ಲಿ ಇಬ್ಬರೂ ಕೂತು ಎರಡು ಬೆಲೆಗಳನ್ನೂ ನೋಡುವುದೆಂದು ಮಾತಾಗಿದೆ.