ನಾಯಿ ಕಲಿಸುವ ಪಾಠ
(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ತಾಯಿಯೊಬ್ಬರು ಮಗನೊಡನೆ ನಮ್ಮ ವಾಚನಾಲಯಕ್ಕೆ ಬಂದಿದ್ದರು. ಹುಡುಗನಿಗೆ ಆಟಿಸಂ. ಅವನು ಒಂದೇ ಮಾತನ್ನು ಗಟ್ಟಿಯಾಗಿ ಮತ್ತೆ ಮತ್ತೆ ಆಡಿದಾಗ ನಾವೆಲ್ಲ ಪತ್ರಿಕೆಯಿಂದ ತಲೆಯೆತ್ತಿ ದುರುಗುಟ್ಟಿ ನೋಡಿದೆವು. ಆಕೆ ಎದ್ದು ಹೋದರು, ಮತ್ತೆ ಬರಲಿಲ್ಲ.

ಬೋರಿಸ್ ಲೆವಿನ್ಸನ್ ಎಂಬವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞರಾಗಿದ್ದರು. ಯಾರೊಡನೆಯೂ ಬೆರೆಯದ ಬಾಲಕನೊಬ್ಬ ಅವರಲ್ಲಿಗೆ ಬಂದಾಗ ಅವರ ನಾಯಿ ಜಿಂಗಲ್ಸ್ ಓಡಿಬಂದು ಅವನನ್ನು ನೆಕ್ಕಿತು. ಬಾಲಕ ಹೆದರದೆ ಅದನ್ನು ತಬ್ಬಿಕೊಂಡ. ಮೊದಲು ನಾಯಿಯೊಡನೆ, ಆಮೇಲೆ ಅವರೊಡನೆ ಸ್ನೇಹ ಬೆಳೆಯಿತು. 1962ರಲ್ಲಿ ಅವರು ಈ ಕ್ರಮವನ್ನು ಕುರಿತು ಲೇಖನ ಬರೆದರು. ಇಂದು ಆಟಿಸಂ ಇರುವ ಮಕ್ಕಳಿಗೂ ಇಂಥ ನಾಯಿಗಳ ನೆರವು ದೊರೆಯುತ್ತಿದೆ.

ನಾಯಿ ಪ್ರಶ್ನೆ ಕೇಳುವುದಿಲ್ಲ. ತೊದಲು ನುಡಿಗೆ ನಗುವುದಿಲ್ಲ. ಅದರ ಮೈ ಸವರುತ್ತ ಮಗು ಶಾಂತವಾಗುತ್ತದೆ. ‘ಬಾ’, ‘ಕೂರು’ ಎನ್ನುತ್ತ ಮಾತಿಗೆ ತೊಡಗುತ್ತದೆ. ಆದರೆ ಎಲ್ಲ ಮಕ್ಕಳಿಗೂ ಇದು ಒಗ್ಗದು. ಹೆದರುವ ಮಗುವನ್ನು ಬಲವಂತಪಡಿಸಬಾರದು. ಸಾಧುಸ್ವಭಾವದ, ತರಬೇತಿ ಪಡೆದ, ರೇಬೀಸ್ ಲಸಿಕೆ ಹಾಕಿಸಿದ ನಾಯಿಯೇ ಆಗಬೇಕು, ಬಲ್ಲವರು ಜೊತೆಗಿರಬೇಕು. ಇದು ಆಟಿಸಮ್ಮನ್ನು ನೀಗಿಸುವ ಔಷಧವಲ್ಲ. ಮಾತಿನ ತರಬೇತಿಗೂ ಪಾಠಕ್ಕೂ ಒಂದು ಊರೆಗೋಲು ಮಾತ್ರ.

ನಮ್ಮ ವಾಚನಾಲಯದಲ್ಲಿ ನಾಯಿಯನ್ನು ಸಾಕಲಾರೆವು. ಆದರೆ ಅದಕ್ಕಿರುವ ಸೈರಣೆ ನಮಗೂ ಬರಬಾರದೆ? ಬರುವ ಭಾನುವಾರ ಆ ತಾಯಿಯ ಮನೆಗೆ ಹೋಗಿ, ತಪ್ಪೊಪ್ಪಿಕೊಂಡು, ಅವರಿಬ್ಬರನ್ನೂ ಕರೆತರೋಣ. ಕಿಟಕಿಯ ಪಕ್ಕದ ಬೆಂಚು ಆ ಹುಡುಗನಿಗಿರಲಿ.