ಯಾರದೋ ಗೆಲುವು, ಜಗವೆಲ್ಲ ಹಬ್ಬ



2008ರ ನವೆಂಬರ್ 5, ಬುಧವಾರ. ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಇನ್ನೂ ಮಂಗಳವಾರದ ರಾತ್ರಿ ಹನ್ನೊಂದು. ಬರಾಕ್ ಒಬಾಮ ಗೆದ್ದರೆಂದು ಟಿವಿ ವಾಹಿನಿಗಳು ಸಾರಿದ ಹೊತ್ತು ಅದು. ಗುಲಾಮರನ್ನು ಇಟ್ಟುಕೊಂಡಿದ್ದ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷರಾಗಿದ್ದ ದೇಶಕ್ಕೆ ಕಪ್ಪು ಮನುಷ್ಯನೊಬ್ಬ 44ನೆಯ ಅಧ್ಯಕ್ಷನಾದ. ಅವರು ಹೇಗೆ ಗೆದ್ದರು, ಆಮೇಲೆ ಹೇಗೆ ಆಳಿದರು ಎಂಬುದು ಇಂದಿನ ನನ್ನ ವಿಷಯವಲ್ಲ. ಆ ಗೆಲುವಿಗೆ ಕುಣಿದವರು, ಅತ್ತವರು, ಮುಖ ಸಿಂಡರಿಸಿದವರು ನನ್ನ ವಿಷಯ. ಸಂತೋಷ ಪಡುವುದಕ್ಕೆ ಖರ್ಚಿಲ್ಲದಿದ್ದಾಗ ಎಲ್ಲರೂ ಸಂತೋಷ ಪಡುತ್ತಾರೆ. ಹಾಗಾಗಿ ಯಾರು ಎಷ್ಟು ಕುಣಿದರು ಎನ್ನುವುದಕ್ಕಿಂತ, ಕುಣಿದವರು ಕೈಯಿಂದ ಏನನ್ನು ಬಿಟ್ಟುಕೊಟ್ಟರು ಎಂದು ಕೇಳುವುದು ನನಗೆ ಮುಖ್ಯವೆನಿಸುತ್ತದೆ.

ಕೀನ್ಯಾದಿಂದ ಶುರು ಮಾಡೋಣ. ಒಬಾಮರ ತಂದೆಯ ಊರು ಕೊಗೆಲೊದಲ್ಲಿ ರಾತ್ರಿಯಿಡೀ ಜಾಗರಣೆ, ಬೆಳಗಾದರೆ ಹಾಡು ಕುಣಿತ. ಅಧ್ಯಕ್ಷ ಮ್ವಾಯ್ ಕಿಬಾಕಿ ನವೆಂಬರ್ 6ನ್ನು ಸಾರ್ವಜನಿಕ ರಜೆ ಎಂದು ಘೋಷಿಸಿದರು. ಬೇರೆ ದೇಶದ ಚುನಾವಣೆಗೆ ತಮ್ಮ ದೇಶದಲ್ಲಿ ರಜೆ! ಇದೇ ಕಿಬಾಕಿ ಹತ್ತು ತಿಂಗಳ ಹಿಂದೆ, 2007ರ ಡಿಸೆಂಬರಿನಲ್ಲಿ, ಎಣಿಕೆಯಲ್ಲಿ ಮೋಸವಾಗಿದೆ ಎಂಬ ಕೂಗಿನ ನಡುವೆಯೇ ತರಾತುರಿಯಲ್ಲಿ ಪ್ರಮಾಣವಚನ ತೆಗೆದುಕೊಂಡಿದ್ದರು. ಆಮೇಲಿನ ಗಲಭೆಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆಮಠ ಬಿಟ್ಟು ಓಡಿದರು. ಎಲ್ಡೊರೆಟ್ ಬಳಿ ಚರ್ಚ್‌ನೊಳಗೆ ಆಶ್ರಯ ಪಡೆದವರನ್ನು ಕಟ್ಟಡದ ಸಮೇತ ಸುಟ್ಟರು. ಸೋತವರೆಂದು ಘೋಷಿತರಾದ ರೈಲಾ ಒಡಿಂಗಾ ಲುವೊ ಬುಡಕಟ್ಟಿನವರು. ಒಬಾಮರ ತಂದೆಯೂ ಲುವೊ. ಲುವೊ ಒಬ್ಬ ಕೀನ್ಯಾದ ಅಧ್ಯಕ್ಷನಾಗುವ ಮೊದಲು ಅಮೆರಿಕದ ಅಧ್ಯಕ್ಷನಾಗಿಬಿಡುತ್ತಾನೆ ಎಂಬ ನಗೆಮಾತು ಆಗ ನೈರೋಬಿಯಲ್ಲಿ ಓಡಾಡುತ್ತಿತ್ತು. ಅದರಲ್ಲಿ ನಗು ಕಡಿಮೆ, ಉರಿ ಹೆಚ್ಚು. ಕಿಬಾಕಿ ಕೊಟ್ಟ ರಜೆಯಿಂದ ಕಿಬಾಕಿಯ ಕುರ್ಚಿ ಒಂದಿಂಚೂ ಅಲುಗಲಿಲ್ಲ.

ಉಳಿದ ಕಡೆ ತಮಾಷೆಗೂ ಕೊರತೆಯಿರಲಿಲ್ಲ. ಜಪಾನಿನ ಒಬಾಮ ಎಂಬ ಪಟ್ಟಣ, ಹೆಸರು ಕೂಡಿಬಂತೆಂಬ ಒಂದೇ ಕಾರಣಕ್ಕೆ, ಹವಾಯಿಯ ಹುಲಾ ನೃತ್ಯ ಮಾಡಿ ಒಬಾಮ ಹೆಸರಿನ ಸಿಹಿತಿಂಡಿ ಮಾರಿತು. ಇರಾನಿನ ಅಹ್ಮದಿನೆಜಾದ್ ಅಭಿನಂದನೆಯ ಪತ್ರ ಬರೆದರು. 1979ರ ಕ್ರಾಂತಿಯ ನಂತರ ಅಲ್ಲಿನ ನಾಯಕರೊಬ್ಬರು ಅಮೆರಿಕದ ಹೊಸ ಅಧ್ಯಕ್ಷರಿಗೆ ಹಾಗೆ ಬರೆದದ್ದು ಅದೇ ಮೊದಲು. ರಷ್ಯಾದ ಮೆಡ್ವೆಡೆವ್ ಮಾತ್ರ ನವೆಂಬರ್ 5ರಂದೇ ಕಲಿನಿನ್‌ಗ್ರಾಡ್‌ನಲ್ಲಿ ಕ್ಷಿಪಣಿ ನಿಲ್ಲಿಸುವುದಾಗಿ ಸಾರಿದರು. ಇಟಲಿಯ ಬರ್ಲುಸ್ಕೋನಿ ಹೊಸ ಅಧ್ಯಕ್ಷರ ಮೈಬಣ್ಣದ ಮೇಲೆ ಜೋಕು ಹೊಡೆದು, ಅದು ಪ್ರೀತಿಯ ಮಾತು ಎಂದು ಸಮರ್ಥಿಸಿಕೊಂಡರು. ಫ್ರಾನ್ಸ್ ಹಿಗ್ಗಿತು. ಆದರೆ 577 ಸದಸ್ಯರ ಅದರ ರಾಷ್ಟ್ರೀಯ ಸಭೆಗೆ ಮುಖ್ಯ ಭೂಭಾಗದಿಂದ ಆರಿಸಿ ಬಂದಿದ್ದ ಕಪ್ಪು ವರ್ಣದ ಸದಸ್ಯೆ ಆಗ ಒಬ್ಬರೇ.

ಇನ್ನು ಅಮೆರಿಕದ ಒಳಗೆ. ಷಿಕಾಗೋದ ಗ್ರಾಂಟ್ ಪಾರ್ಕಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ. 1968ರಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿದ ಹುಡುಗರನ್ನು ಪೊಲೀಸರು ಬಡಿದಿದ್ದು ಇದೇ ಪಾರ್ಕಿನಲ್ಲಿ. ಗುಂಪಿನಲ್ಲಿ ಜೆಸ್ಸಿ ಜಾಕ್ಸನ್ ಕೈಯಲ್ಲೊಂದು ಪುಟ್ಟ ಬಾವುಟ ಹಿಡಿದು, ಬೆರಳು ತುಟಿಗೆ ಒತ್ತಿ, ಕೆನ್ನೆಯ ಮೇಲೆ ನೀರು ಹರಿಯುತ್ತಿದ್ದರೂ ಒರೆಸಿಕೊಳ್ಳದೆ ನಿಂತಿದ್ದರು. ಮಾರ್ಟಿನ್ ಲೂಥರ್ ಕಿಂಗ್‌ಗೆ ಗುಂಡು ಬಿದ್ದ ದಿನ ಮೆಂಫಿಸ್‌ನ ಆ ಮೋಟೆಲಿನಲ್ಲಿದ್ದವರು, 1984 ಮತ್ತು 1988ರಲ್ಲಿ ತಾವೇ ಅಧ್ಯಕ್ಷ ಪದವಿಗೆ ಹೊರಟು ಪಕ್ಷದ ಟಿಕೆಟ್ ಸಿಗದೆ ಹಿಂದಿರುಗಿದವರು. ನಾಲ್ಕು ತಿಂಗಳ ಹಿಂದಷ್ಟೇ ಒಬಾಮರ ಬಗ್ಗೆ ಅವರಾಡಿದ ಹೊಲಸು ಮಾತು ಮೈಕಿಗೆ ಸಿಕ್ಕಿ ಕ್ಷಮೆ ಕೇಳಿದ್ದರು. ತನಗೆ ದಕ್ಕದ್ದು ಕಿರಿಯನಿಗೆ ದಕ್ಕಿದಾಗ ಬಂದ ಅಳು ಅದು. ಅದಕ್ಕೆ ತೂಕವಿದೆ.

ಅದೇ ರಾತ್ರಿ ಕ್ಯಾಲಿಫೋರ್ನಿಯಾದ ಮತದಾರರು ಒಬಾಮರನ್ನು ಭಾರಿ ಅಂತರದಿಂದ ಗೆಲ್ಲಿಸಿ, ಸಲಿಂಗ ವಿವಾಹದ ಹಕ್ಕನ್ನು ಕಿತ್ತುಕೊಳ್ಳುವ ಪ್ರಸ್ತಾವಕ್ಕೂ ಶೇಕಡಾ 52ರಷ್ಟು ಮತ ಕೊಟ್ಟು ಪಾಸು ಮಾಡಿದರು.

ಆ ರಾತ್ರಿಯ ಪ್ರತಿಕ್ರಿಯೆಗಳಲ್ಲೆಲ್ಲ ನಾನು ಮೇಲಿಡುವುದು ಸೋತವರದನ್ನು. ಅರಿಝೋನಾದ ಫೀನಿಕ್ಸ್‌ನಲ್ಲಿ ಜಾನ್ ಮೆಕೇನ್ ವೇದಿಕೆಗೆ ಬಂದು ಒಬಾಮರ ಹೆಸರೆತ್ತಿದ ಕೂಡಲೇ ಅವರ ಬೆಂಬಲಿಗರೇ ಛೀಮಾರಿ ಕೂಗಿದರು. ಮೆಕೇನ್ ಎರಡೂ ಅಂಗೈ ಮುಂದೆ ಚಾಚಿ ಸುಮ್ಮನಿರಿ ಎಂದರು. 1901ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬೂಕರ್ ಟಿ. ವಾಷಿಂಗ್ಟನ್ ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದದ್ದೇ ದೊಡ್ಡ ಅಪರಾಧವೆಂದು ಜನ ಬೊಬ್ಬೆಹೊಡೆದದ್ದನ್ನು ತಮ್ಮ ಜನಕ್ಕೆ ನೆನಪಿಸಿದರು. ಕೂಗಾಡುತ್ತಿದ್ದವರ ಅಜ್ಜ ಮುತ್ತಜ್ಜಂದಿರ ಕಥೆಯನ್ನು ಅವರ ಎದುರೇ ಹೇಳಿದ ಹಾಗಾಯಿತು. ಚುನಾವಣೆಯ ಮುನ್ನಾ ದಿನಗಳಲ್ಲಿ ತೀರಿಕೊಂಡಿದ್ದ ಒಬಾಮರ ಅಜ್ಜಿಗಾಗಿ ಮರುಗಿದರು. ಸೋಲು ತನ್ನದು, ನಿಮ್ಮದಲ್ಲ ಎಂದರು.

ಮೆಕೇನ್ ಸಂತನೇನೂ ಅಲ್ಲ. ಅಕ್ಟೋಬರಿನಲ್ಲಿ ಮಿನ್ನೆಸೋಟದ ಸಭೆಯೊಂದರಲ್ಲಿ ಮಹಿಳೆಯೊಬ್ಬರು ಒಬಾಮ ಅರಬ ಎಂದಾಗ, ಇವರು ಮೈಕು ಕಿತ್ತುಕೊಂಡು, ಇಲ್ಲ, ಆತ ಮರ್ಯಾದಸ್ಥ ಸಂಸಾರಿ ಎಂದಿದ್ದರು. ಅರಬರು ಮರ್ಯಾದಸ್ಥರಲ್ಲವೇ ಎಂದು ಆಗ ಅವರಿಗೆ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ಕೆಲವೇ ದಿನಗಳಲ್ಲಿ ಎತ್ತಿದವರು ಅವರದೇ ಪಕ್ಷದ ಕಾಲಿನ್ ಪವೆಲ್: ಒಬಾಮ ಕ್ರೈಸ್ತ, ಸರಿ, ಮುಸ್ಲಿಮನಾಗಿದ್ದರೆ ತಪ್ಪೇನಿತ್ತು? ಅಷ್ಟಾದರೂ ಫೀನಿಕ್ಸ್‌ನ ಆ ಹತ್ತು ನಿಮಿಷದ ಮಾತಿಗೆ ಬೆಲೆ ಎಷ್ಟೆಂದು ನಮಗೆ ತಿಳಿದದ್ದು ಹನ್ನೆರಡು ವರ್ಷದ ಮೇಲೆ. 2020ರಲ್ಲಿ ಸೋತವರು ಸೋಲೊಪ್ಪಲಿಲ್ಲ. 2021ರ ಜನವರಿ 6ರಂದು ಅವರ ಜನ ಸಂಸತ್ ಭವನಕ್ಕೇ ನುಗ್ಗಿದರು.

ನಮ್ಮ ಸಂಗತಿಗೆ ಬರುತ್ತೇನೆ. 2008ರ ಸೆಪ್ಟೆಂಬರಿನಲ್ಲಿ ಶ್ವೇತಭವನದಲ್ಲಿ ಮನಮೋಹನ್ ಸಿಂಗ್ ಅವರು ಭಾರತದ ಜನ ನಿಮ್ಮನ್ನು ಪ್ರೀತಿಸುತ್ತಾರೆ ಎಂದು ಬುಷ್‌ಗೆ ಹೇಳಿ ಬಂದಿದ್ದರು. ಅಣು ಒಪ್ಪಂದದ ಋಣ ಅದು. ನವೆಂಬರಿನಲ್ಲಿ ನಾವು ಅಷ್ಟೇ ಸಲೀಸಾಗಿ ಒಬಾಮರನ್ನೂ ಪ್ರೀತಿಸಿದೆವು. ಅವರ ಕಚೇರಿಯ ಗೋಡೆಯ ಮೇಲೆ ಗಾಂಧಿಯ ಚಿತ್ರವಿದೆ ಎಂದು ಹೆಮ್ಮೆಪಟ್ಟೆವು. 2009ರ ಮೇ 4ರಂದು ಅವರು, ನ್ಯೂಯಾರ್ಕಿನ ಬಫಲೋದಲ್ಲಿ ಉದ್ಯೋಗ ಕೊಟ್ಟವರಿಗಿಂತ ಬೆಂಗಳೂರಿನಲ್ಲಿ ಕೊಟ್ಟವರಿಗೆ ತೆರಿಗೆ ಕಡಿಮೆ ಬೀಳುವ ಕಾನೂನು ಸರಿಯಲ್ಲ ಎಂದರು. ಬೆಂಗಳೂರಿನ ಐಟಿ ವಲಯದ ಪ್ರೀತಿ ಅಂದೇ ಸೊರಗಿತು. ಲೆಕ್ಕದ ಚೀಟಿ ಮನೆ ಬಾಗಿಲಿಗೆ ಬಂತಲ್ಲ!

ನಮ್ಮ ಒಬಾಮ ಯಾರು ಎಂಬ ಚರ್ಚೆಯೂ ಆಗ ನಡೆಯಿತು. ದೆಹಲಿಯವರು ದಲಿತ ನಾಯಕಿ ಮಾಯಾವತಿಯ ಹೆಸರು ಹೇಳಿ ಮುಗಿಸಿದರು. ಕರ್ನಾಟಕದವರು ಅಷ್ಟು ದೂರ ನೋಡಬೇಕಿರಲಿಲ್ಲ. ಒಬಾಮ ಗೆದ್ದ ಸುದ್ದಿ ಬಂದಾಗ ನಮ್ಮ ರಾಜ್ಯೋತ್ಸವ ಮುಗಿದು ನಾಲ್ಕೇ ದಿನ. 2008ರ ಮೇ ತಿಂಗಳಲ್ಲಿ 224 ಕ್ಷೇತ್ರಗಳಿಗೆ ಚುನಾವಣೆ ನಡೆದಿತ್ತು, 36 ಪರಿಶಿಷ್ಟ ಜಾತಿಗೆ ಮೀಸಲು. ಪಕ್ಕದ ಆಂಧ್ರದಲ್ಲಿ ದಾಮೋದರಂ ಸಂಜೀವಯ್ಯ 1960ರಲ್ಲೇ ಮುಖ್ಯಮಂತ್ರಿಯಾಗಿದ್ದರು. 1956ರಿಂದ ಆ ನವೆಂಬರ್ 5ರವರೆಗೆ ಕರ್ನಾಟಕಕ್ಕೆ ಒಬ್ಬ ದಲಿತ ಮುಖ್ಯಮಂತ್ರಿಯೂ ಬಂದಿರಲಿಲ್ಲ.